ವಂಶವೃಕ್ಷ ಕಟ್ಟುವ ತಂತ್ರಾಂಶವನ್ನು ಪರೀಕ್ಷಿಸುವ ಬಗೆ

ಡಿಎನ್‌ಎ ಅನುಕ್ರಮಗಳಿಂದ ಜೀವಿಗಳ ವಂಶವೃಕ್ಷ ಕಟ್ಟುವ ತಂತ್ರಾಂಶವನ್ನು ಪರೀಕ್ಷಿಸುವಾಗಿನ ಮುಖ್ಯ ತೊಡಕೆಂದರೆ, ಸರಿಯುತ್ತರ ಯಾವುದೆಂದು ಮೊದಲೇ ತಿಳಿದಿರುವುದಿಲ್ಲ. ಕೇವಲ 10 ಪ್ರಭೇದಗಳಿಗೇ ಬೇರು ಗುರುತಿಸದ, ಇಬ್ಬಗೆಯಾಗಿ ಕವಲೊಡೆಯುವ 20,27,025 ವೃಕ್ಷಗಳು ಸಾಧ್ಯ.

ಆದ್ದರಿಂದ ಕೈಯಲ್ಲೇ ಲೆಕ್ಕ ಹಾಕಬಹುದಾದ ಸಣ್ಣ ಭಾಗದಿಂದ ಆರಂಭಿಸಿ. ಡಿಎನ್‌ಎಯ ಯಾವ ಅಕ್ಷರವೂ ಬೇರೆ ಯಾವ ಅಕ್ಷರವಾಗಿಯೂ ಒಂದೇ ದರದಲ್ಲಿ ಬದಲಾಗುತ್ತದೆಂದು ಭಾವಿಸುವ 1969ರ ಜೂಕ್ಸ್–ಕ್ಯಾಂಟರ್ ಮಾದರಿಯಲ್ಲಿ, ಎರಡು ಅನುಕ್ರಮಗಳ 100 ಸ್ಥಾನಗಳ ಪೈಕಿ 30 ಭಿನ್ನವಾಗಿದ್ದರೆ ಅವುಗಳ ಅಂತರ, ಅಂದರೆ ಪ್ರತಿ ಸ್ಥಾನದಲ್ಲಿ ಸರಾಸರಿ ಆಗಿರಬಹುದಾದ ಬದಲಾವಣೆಗಳ ಅಂದಾಜು, ಸುಮಾರು 0.383 ಬರಬೇಕು. ಭಿನ್ನತೆಯ ಪ್ರಮಾಣ 0.75 ಮುಟ್ಟಿದರೆ ಸೂತ್ರದ ಲಾಗರಿತಮ್‌ಗೆ ಬೆಲೆಯೇ ಇರುವುದಿಲ್ಲ. ಅಲ್ಲಿ ಪ್ರೋಗ್ರಾಂ ಸ್ಪಷ್ಟ ದೋಷಸೂಚನೆ ಕೊಡುತ್ತದೆಯೇ ಅಥವಾ ಯಾವುದೋ ಸಂಖ್ಯೆಯನ್ನು ಸದ್ದಿಲ್ಲದೆ ಮುಂದಕ್ಕೆ ಸಾಗಿಸುತ್ತದೆಯೇ ಎಂಬುದನ್ನು ತಪ್ಪದೆ ನೋಡಿ.

ಮುಂದಿನ ಹಂತದಲ್ಲಿ ಉತ್ತರದ ಬದಲು ಉತ್ತರಗಳ ನಡುವಿನ ಸಂಬಂಧವನ್ನು ಪರೀಕ್ಷಿಸಬೇಕು. ನನ್ನ ದೃಷ್ಟಿಯಲ್ಲಿ ಅತ್ಯಂತ ಫಲ ಕೊಡುವ ಕೆಲಸವಿದು. ಸ್ಥಾನಗಳು ಪರಸ್ಪರ ಸ್ವತಂತ್ರವೆಂದು ಭಾವಿಸುವ ಮಾದರಿಯಲ್ಲಿ, ವೃಕ್ಷವನ್ನೂ ನಿಯತಾಂಕಗಳನ್ನೂ ಸ್ಥಿರವಾಗಿಟ್ಟು, ಜೋಡಣೆಯ (ಅನುಕ್ರಮಗಳನ್ನು ಸ್ಥಾನಕ್ಕೆ ಸ್ಥಾನ ಹೊಂದಿಸಿ ಒಂದರ ಕೆಳಗೊಂದು ಬರೆದ ಪಟ್ಟಿಯ) ಕಂಬಸಾಲುಗಳನ್ನು ಕಲಸಿದರೆ ಸಂಭಾವ್ಯತೆ, ಅಂದರೆ ಆ ವೃಕ್ಷದಿಂದ ಇದೇ ದತ್ತಾಂಶ ಬರುವ ಸಾಧ್ಯತೆಯ ಅಳತೆ, ಬದಲಾಗಬಾರದು. ಪ್ರತಿ ಕಂಬಸಾಲನ್ನೂ ಎರಡು ಬಾರಿ ಕೊಟ್ಟರೆ ಸಂಭಾವ್ಯತೆಯ ಲಾಗ್ ಮೌಲ್ಯ ಸರಿಯಾಗಿ ಇಮ್ಮಡಿಯಾಗಬೇಕು. ಕಾಲದಲ್ಲಿ ಹಿಂದುಮುಂದಾಗಿಸಬಹುದಾದ (ಬದಲಾವಣೆಗಳನ್ನು ಯಾವ ದಿಕ್ಕಿನಿಂದ ನೋಡಿದರೂ ಲೆಕ್ಕ ಒಂದೇ ಆಗಿರುವ) ಮಾದರಿಗಳಲ್ಲಿ ಬೇರನ್ನು ಎಲ್ಲಿಟ್ಟರೂ ಸಂಭಾವ್ಯತೆ ಅಷ್ಟೇ ಇರುತ್ತದೆಂದು ಜೋಸೆಫ್ ಫೆಲ್ಸೆನ್‌ಸ್ಟೈನ್ 1981ರಲ್ಲಿ ತೋರಿಸಿದ್ದರು. ಇದನ್ನೂ ಪರೀಕ್ಷೆಯಾಗಿ ಬರೆದಿಡಿ. ದಶಮಾಂಶ ಲೆಕ್ಕದ ಅಲ್ಪ ವ್ಯತ್ಯಾಸಕ್ಕೆ ಸಹನಮಿತಿಯನ್ನು ಮೊದಲೇ ಗೊತ್ತುಪಡಿಸಿ.

ಅನುಕ್ರಮಗಳನ್ನು ಕೊಡುವ ಸರದಿ ಬದಲಿಸಿದಾಗ, ಅತ್ಯುತ್ತಮ ವೃಕ್ಷಕ್ಕಾಗಿ ತಂತ್ರಾಂಶ ನಡೆಸುವ ಹುಡುಕಾಟ ಬೇರೆ ವೃಕ್ಷದಲ್ಲಿ ನಿಂತರೆ ಅದು ದೋಷವೇ ಆಗಬೇಕೆಂದಿಲ್ಲ, ಆದರೆ ಬಳಕೆದಾರರಿಗೆ ತಿಳಿಯಲೇಬೇಕಾದ ಸಂಗತಿ. ವೃಕ್ಷಗಳನ್ನು ಹೋಲಿಸಲು ನ್ಯೂವಿಕ್ (ವೃಕ್ಷವನ್ನು ಆವರಣಚಿಹ್ನೆಗಳಿಂದ ಬರೆಯುವ ರೂಪ) ಪಠ್ಯವನ್ನು ಅಕ್ಷರಶಃ ಹೋಲಿಸದೆ, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಕವಲುಗಳನ್ನು ಎಣಿಸುವ ರಾಬಿನ್‌ಸನ್–ಫೌಲ್ಡ್ಸ್ ಅಂತರವನ್ನು ಬಳಸಿ, ಏಕೆಂದರೆ ಒಂದೇ ವೃಕ್ಷವನ್ನು ನ್ಯೂವಿಕ್‌ನಲ್ಲಿ ಹಲವು ರೀತಿ ಬರೆಯಬಹುದು.