ಲಿಕ್ವಿಡ್ ಡಿಟರ್ಜೆಂಟ್: ಎಲ್ಲ ಸರಿಯಾಗಿದ್ದೂ ಉಪ್ಪಿನಲ್ಲಿ ಕೆಡುತ್ತದೆ

ಸಂತೆಯಲ್ಲೋ ಸ್ತ್ರೀಶಕ್ತಿ ಸಂಘದ ಮಳಿಗೆಯಲ್ಲೋ ಮಾರಾಟಕ್ಕಿಟ್ಟ ಲಿಕ್ವಿಡ್ ಡಿಟರ್ಜೆಂಟ್ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ. ಕೆಲವು ಎರಡು ಪದರವಾಗಿ ಒಡೆದಿರುತ್ತವೆ, ಕೆಲವು ಚಳಿ ಬಿದ್ದೊಡನೆ ಬೆಳ್ಳಗಾಗುತ್ತವೆ, ಇನ್ನು ಕೆಲವು ನೀರಿನಷ್ಟೇ ತೆಳ್ಳಗಿರುತ್ತವೆ. ಕಚ್ಚಾವಸ್ತು ಕಳಪೆ ಎಂದು ದೂರುವುದು ರೂಢಿ. ಆದರೆ ಬಹುತೇಕ ಸಲ ಹದ ತಪ್ಪುವುದು ಕೊನೆಯಲ್ಲಿ ಉಪ್ಪು ಹಾಕುವಾಗ.

ಸುಮಾರು 10 ಲೀಟರಿಗೆ ಬೇಕಾದದ್ದು: 96 ಪರ್ಸೆಂಟ್ ಆಸಿಡ್ ಸ್ಲರಿ (ಆಮ್ಲರೂಪದಲ್ಲಿರುವ, ಕೊಳೆ ತೆಗೆಯುವ ಮುಖ್ಯ ವಸ್ತು) 600 ಗ್ರಾಂ, ಕಾಸ್ಟಿಕ್ ಸೋಡಾ ಫ್ಲೇಕ್ಸ್ 80 ಗ್ರಾಂ, 70 ಪರ್ಸೆಂಟ್ ಎಸ್‌ಎಲ್‌ಇಎಸ್ ಪೇಸ್ಟ್ (ನೊರೆ ಕೊಟ್ಟು ಕೊಳೆ ತೆಗೆಯುವ ವಸ್ತು) 500 ಗ್ರಾಂ, ಸೋಡಿಯಂ ಸಿಟ್ರೇಟ್ 100 ಗ್ರಾಂ, ಇಡಿಟಿಎ 20 ಗ್ರಾಂ, ಸುಗಂಧ 30 ಮಿ.ಲೀ., ಪ್ರಿಸರ್ವೇಟಿವ್ (ಕೆಡದಂತೆ ಕಾಯುವ ವಸ್ತು) 10 ಮಿ.ಲೀ., ಉಪ್ಪು 100 ಗ್ರಾಂ, ನೀರು ಸುಮಾರು 8 ಲೀಟರ್. ನೀರು ಆರ್‌ಒ ಆಗಿದ್ದರೆ ಒಳ್ಳೆಯದು. ಬಯಲುಸೀಮೆಯ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಸ್ಲರಿಯ ಜೊತೆ ಸೇರಿ ಕರಗದ ಬಿಳಿ ಗಷ್ಟಾಗುತ್ತದೆ. ಸಿಟ್ರೇಟ್, ಇಡಿಟಿಎ ಹಾಕುವುದು ಆ ಕ್ಯಾಲ್ಸಿಯಂ ಅನ್ನು ಹಿಡಿದಿಡಲಿಕ್ಕೆ. ಪಾತ್ರೆ ದಪ್ಪ ಪ್ಲಾಸ್ಟಿಕ್ಕಿನದಾಗಲಿ, ಸ್ಟೀಲಿನದಾಗಲಿ. ಅಲ್ಯುಮಿನಿಯಂ ಖಂಡಿತ ಬೇಡ, ಕಾಸ್ಟಿಕ್ ಅದನ್ನು ತಿನ್ನುತ್ತದೆ.

ಹಿಂದಿನ ರಾತ್ರಿ

ಎಸ್‌ಎಲ್‌ಇಎಸ್ ಪೇಸ್ಟನ್ನು 2 ಲೀಟರ್ ನೀರಿಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟು, ಮುಚ್ಚಿ ಇಟ್ಟುಬಿಡಿ. ಪೇಸ್ಟಿನ ಮೇಲೆ ನೀರು ಸುರಿಯಬೇಡಿ. ಈ ಪೇಸ್ಟ್ 70 ಪರ್ಸೆಂಟಿನಲ್ಲಿ ಹರಿಯುತ್ತದೆ, 30ಕ್ಕಿಂತ ಕೆಳಗೂ ಹರಿಯುತ್ತದೆ. ನಡುವೆ ಮಾತ್ರ ಗಟ್ಟಿ ಜೆಲ್ ಆಗಿ ನಿಲ್ಲುತ್ತದೆ. ಮೇಲಿಂದ ನೀರು ಹಾಕಿದವರು ಆ ಜೆಲ್ಲಿನಲ್ಲೇ ಸಿಕ್ಕಿಕೊಂಡು ಗಂಟು ಒಡೆಯಲು ಡ್ರಿಲ್ ಮೆಷಿನ್ ಓಡಿಸುತ್ತಾರೆ, ಆಮೇಲೆ ಆ ನೊರೆ ಇಳಿಯಲು ಒಂದು ದಿನ ಕಾಯುತ್ತಾರೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ತಾನಾಗಿ ಕರಗಿರುತ್ತದೆ.

ಸ್ಲರಿ ತಟಸ್ಥಗೊಳಿಸುವುದು

ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಂಡು 1.2 ಲೀಟರ್ ತಣ್ಣೀರಿಗೆ ಕಾಸ್ಟಿಕ್ ಹಾಕಿ ಕಲಕಿ. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ದ್ರಾವಣ ಆರಿದ ಮೇಲೆ ಒಂದು ಲೋಟದಷ್ಟು ಎತ್ತಿಟ್ಟು, ಉಳಿದದ್ದನ್ನು 4.7 ಲೀಟರ್ ನೀರಿಗೆ ಸೇರಿಸಿ, ಅದಕ್ಕೆ ಸ್ಲರಿಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಕಲಕಿ. ಈಗ ಎತ್ತಿಟ್ಟ ಲೋಟದಿಂದ ಸ್ವಲ್ಪಸ್ವಲ್ಪ ಹಾಕುತ್ತ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಎಂದರೆ ತಟಸ್ಥ) 8ರ ಆಸುಪಾಸಿಗೆ ತನ್ನಿ. ಒಂದು ಚಮಚ ದ್ರವವನ್ನು ಲೋಟ ನೀರಿನಲ್ಲಿ ಕದಡಿ ಪಿಎಚ್ ಕಾಗದ ಅದ್ದಿ. ದಪ್ಪ ದ್ರವಕ್ಕೆ ನೇರವಾಗಿ ಅದ್ದಿದರೆ ಬಣ್ಣ ತಪ್ಪು ಹೇಳುತ್ತದೆ. ಪಿಎಚ್ ಮೇಲೆ ಹೋದರೆ ಸಿಟ್ರಿಕ್ ಆಸಿಡ್ ಚಿಟಿಕೆ ಚಿಟಿಕೆಯಾಗಿ ಹಾಕಿ ಇಳಿಸಿ.

ಇನ್ನೊಬ್ಬರ ಅಳತೆಯನ್ನು ಕಣ್ಣುಮುಚ್ಚಿ ನಂಬಬಾರದ ಜಾಗ ಇದು. ಅಂಗಡಿಯಲ್ಲಿ 90 ಪರ್ಸೆಂಟ್ ಸ್ಲರಿಯೂ ಸಿಗುತ್ತದೆ. ಅದರಲ್ಲಿ ಗಂಧಕಾಮ್ಲ ಹೆಚ್ಚು ಉಳಿದಿರುವುದರಿಂದ ಅದೇ 600 ಗ್ರಾಮಿಗೆ ಕಾಸ್ಟಿಕ್ 100 ಗ್ರಾಂ ಹತ್ತಿರ ಬೇಕಾಗುತ್ತದೆ. 80ಕ್ಕೇ ನಿಲ್ಲಿಸಿದರೆ ದ್ರವ ಆಮ್ಲೀಯವಾಗಿ ಉಳಿದು, ಆಮೇಲೆ ಸೇರಿಸುವ ಎಸ್‌ಎಲ್‌ಇಎಸ್ ದಿನಕಳೆದಂತೆ ಒಡೆಯುತ್ತದೆ. ಹಾಗಾಗಿ ಪಿಎಚ್ ಸರಿಯಾಗುವವರೆಗೆ ಎಸ್‌ಎಲ್‌ಇಎಸ್ ಮುಟ್ಟಲೇಬೇಡಿ.

ಆಮೇಲೆ ಸಿಟ್ರೇಟ್, ಇಡಿಟಿಎ, ಎಸ್‌ಎಲ್‌ಇಎಸ್ ದ್ರಾವಣ ಸೇರಿಸಿ. ಪೂರ್ತಿ ತಣ್ಣಗಾದ ಮೇಲೆ ಪ್ರಿಸರ್ವೇಟಿವ್, ಬಣ್ಣ, ಸುಗಂಧ. ಅಗ್ಗ ಎಂದು ಫಾರ್ಮಲಿನ್ ಹಾಕುವವರಿದ್ದಾರೆ. ಅದು ಕ್ಯಾನ್ಸರ್‌ಕಾರಕ, ಕೈಯಲ್ಲಿ ಬಟ್ಟೆ ಒಗೆಯುವವರ ಮನೆಗೆ ಅದನ್ನು ಕಳಿಸುವುದು ತಪ್ಪು. ಐಸೋಥಯಜೋಲಿನೋನ್ ಬಗೆಯದನ್ನೇ ಕೊಳ್ಳಿ. ಅದೂ ಚರ್ಮಕ್ಕೆ ಅಲರ್ಜಿ ತರಬಲ್ಲದು, ತಯಾರಕರು ಹೇಳಿದ ಅಳತೆ ಮೀರಬೇಡಿ.

ಉಪ್ಪು

ಉಪ್ಪು ಕೊಳೆ ತೆಗೆಯುವುದಿಲ್ಲ, ದ್ರವವನ್ನು ದಪ್ಪ ಮಾಡುತ್ತದೆ, ಅಷ್ಟೆ. ಡಿಟರ್ಜೆಂಟಿನ ಅಣುಗಳು ನೀರಿನಲ್ಲಿ ಸಣ್ಣ ಉಂಡೆಗಳಾಗಿ ಕೂಡಿಕೊಂಡಿರುತ್ತವೆ. ಉಪ್ಪು ಬಿದ್ದಾಗ ಅವುಗಳ ನಡುವಿನ ವಿದ್ಯುತ್ ವಿಕರ್ಷಣೆ ತಗ್ಗಿ, ಉಂಡೆಗಳು ಉದ್ದುದ್ದ ಎಳೆಗಳಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ದ್ರವ ದಪ್ಪಗಾಗುವುದು ಹೀಗೆ. ಒಂದು ಶಿಖರ ಮುಟ್ಟಿದ ಮೇಲೆ ಇನ್ನಷ್ಟು ಉಪ್ಪು ಹಾಕಿದರೆ ಅದೇ ದ್ರವ ಮತ್ತೆ ತೆಳ್ಳಗಾಗುತ್ತದೆ, ಮಂಜಾಗುತ್ತದೆ, ಕೊನೆಗೆ ಪದರ ಒಡೆಯುತ್ತದೆ. ತೆಳ್ಳಗಾಯಿತೆಂದು ಗಾಬರಿಯಾಗಿ ಮತ್ತೊಂದು ಹಿಡಿ ಉಪ್ಪು ಎಸೆದರೆ ಆ ಬ್ಯಾಚ್ ಮುಗಿದಂತೆ.

100 ಗ್ರಾಂ ಉಪ್ಪನ್ನು ನೀರಿನಲ್ಲಿ ಕರಗಿಸಿ, ಒಟ್ಟು 500 ಮಿ.ಲೀ. ಮಾಡಿ ಸೋಸಿಕೊಳ್ಳಿ. ಐದು ಗಾಜಿನ ಲೋಟಗಳಲ್ಲಿ ತಲಾ 100 ಮಿ.ಲೀ. ಡಿಟರ್ಜೆಂಟ್ ತೆಗೆದುಕೊಂಡು, ಸಿರಿಂಜಿನಿಂದ 1, 2, 3, 4, 5 ಮಿ.ಲೀ. ಉಪ್ಪುನೀರು ಹಾಕಿ ನಿಧಾನ ಕಲಕಿ. ಗುಳ್ಳೆ ಇಳಿಯಲು ಎರಡು ಮೂರು ಗಂಟೆ ಬಿಡಿ. ಪ್ರತಿಯೊಂದನ್ನೂ ಚಮಚದಿಂದ ಎತ್ತಿ ಸುರಿದರೆ ಎಲ್ಲಿ ದಪ್ಪ ಹೆಚ್ಚು ಎಂಬುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಐದನ್ನೂ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹೊರತೆಗೆದಾಗ ಮಂಜಾಗಿದ್ದು, ಕೋಣೆಯ ಬಿಸಿಗೆ ಬಂದರೂ ತಿಳಿಯಾಗದ ಲೋಟದ ಅಳತೆ ಬೇಡವೇ ಬೇಡ. ತಿಳಿಯಾಗಿದ್ದು ದಪ್ಪವೂ ಇರುವ ಲೋಟವನ್ನು ಗುರುತಿಸಿ, ಅದಕ್ಕಿಂತ ಒಂದು ಹಂತ ಕಡಿಮೆ ಅಳತೆಯನ್ನೇ ಇಡೀ ಬ್ಯಾಚಿಗೆ ಹಿಡಿಯಿರಿ. ಮಲೆನಾಡಿನ ಚಳಿಗೆ ಕಳಿಸುವ ಮಾಲಾದರೆ ಎರಡು ಹಂತ ಕಡಿಮೆ.

ಈ ಪರೀಕ್ಷೆ ತಣ್ಣನೆಯ, ಸುಗಂಧ ಸೇರಿದ ದ್ರವದಲ್ಲೇ ನಡೆಯಬೇಕು. ಬಿಸಿಯಿದ್ದಾಗ ಎಲ್ಲ ಡಿಟರ್ಜೆಂಟೂ ತೆಳ್ಳಗೆ ಕಾಣುತ್ತದೆ. ಸುಗಂಧವಂತೂ ಒಂದೊಂದು ಒಂದೊಂದು ಥರ: ಕೆಲವು ದಪ್ಪ ಮಾಡುತ್ತವೆ, ಕೆಲವು ತೆಳ್ಳಗೆ. ಸುಗಂಧ ಬದಲಿಸಿದಾಗಲೆಲ್ಲ ಲೋಟಗಳ ಪರೀಕ್ಷೆ ಮತ್ತೆ ಮಾಡಿ. 90 ಪರ್ಸೆಂಟ್ ಸ್ಲರಿ ಬಳಸಿದವರಿಗೆ ಉಪ್ಪು ಇನ್ನೂ ಕಡಿಮೆ ಸಾಕು, ಏಕೆಂದರೆ ಗಂಧಕಾಮ್ಲ ಆಗಲೇ ಸೋಡಿಯಂ ಸಲ್ಫೇಟ್ ಆಗಿ ದ್ರವದಲ್ಲಿದೆ, ಅದೂ ಉಪ್ಪೇ. ಚೆನ್ನಾಗಿ ಒಗೆಯಲಿ ಎಂದು ವಾಷಿಂಗ್ ಸೋಡಾ ಸುರಿಯುವ ಸಲಹೆಯೂ ಇದೇ ಕಾರಣಕ್ಕೆ ಕೈಕೊಡುತ್ತದೆ.

ಉಪ್ಪು ಮೀರಿದ ಬ್ಯಾಚಿಗೆ ನೀರು ಬೆರೆಸಿದರೆ ಒಗೆಯುವ ಶಕ್ತಿಯೂ ತೆಳುವಾಗುತ್ತದೆ. ಉಪ್ಪು ಹಾಕದ ಇನ್ನೊಂದು ಬ್ಯಾಚ್ ಮಾಡಿ ಎರಡನ್ನೂ ಬೆರೆಸುವುದೇ ಸರಿಯಾದ ದಾರಿ.

ದಪ್ಪ ನೋಡಿ ಕೊಳ್ಳುವ ಗಿರಾಕಿಗಾಗಿ ಸಿಎಂಸಿ ಎಂಬ ಅಂಟುಪುಡಿಯಿಂದ ನೀರನ್ನೇ ಗಟ್ಟಿ ಮಾಡಿ ಮಾರುವ ‘ರೆಡಿ ಮಿಕ್ಸ್’ ಪ್ಯಾಕೆಟ್‌ಗಳಿವೆ. ಪ್ಯಾಕೆಟ್ ಮೇಲೆ ಸ್ಲರಿ ಮತ್ತು ಎಸ್‌ಎಲ್‌ಇಎಸ್ ಎಷ್ಟು ಗ್ರಾಂ ಎಂದು ಬರೆದಿರದಿದ್ದರೆ ಕೊಳ್ಳಬೇಡಿ. ಮೇಲಿನ ಅಳತೆಯಲ್ಲಿ ನೂರಕ್ಕೆ ಒಂಬತ್ತು ಭಾಗಕ್ಕಿಂತ ಹೆಚ್ಚು ಕೊಳೆ ತೆಗೆಯುವ ವಸ್ತುವಿದೆ, ಒಂದು ಬಕೆಟ್ ಬಟ್ಟೆಗೆ 40 ಮಿ.ಲೀ. ಸಾಕು. ಫ್ರಂಟ್ ಲೋಡ್ ಮೆಷಿನ್ನಿಗೆ ಮಾತ್ರ ಇದನ್ನು ಹಾಕಬೇಡಿ. ಎಸ್‌ಎಲ್‌ಇಎಸ್ ನೊರೆ ಡ್ರಮ್ ತುಂಬಿದರೆ ಬಟ್ಟೆ ಬಿದ್ದು ಏಳುವ ಪೆಟ್ಟೇ ತಗಲುವುದಿಲ್ಲ, ಸೋಪೂ ಪೂರ್ತಿ ಹೋಗುವುದಿಲ್ಲ.