ಗುತ್ತಿಗೆ ಸಂಭಾವನೆಯಲ್ಲಿ ಮುರಿದುಕೊಂಡ ತೆರಿಗೆ ವಾಪಸ್ ಪಡೆಯುವುದು ಹೇಗೆ?

ಸರ್ಕಾರಿ ಆಸ್ಪತ್ರೆಯ ಗುತ್ತಿಗೆ ವೈದ್ಯರು, ಇಲಾಖೆಗಳಿಗೆ ಸಲಹೆಗಾರರಾಗಿರುವ ಎಂಜಿನಿಯರ್‌ಗಳು, ಕಾಲೇಜುಗಳ ಅತಿಥಿ ಉಪನ್ಯಾಸಕರು: ಇಂಥವರ ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಮುರಿದುಕೊಂಡೇ ಉಳಿದದ್ದು ಖಾತೆಗೆ ಬೀಳುತ್ತದೆ. ಇದರಲ್ಲಿ ಪೂರ್ತಿ ಹಣ ವಾಪಸ್ ಸಿಗಬೇಕಾದವರು ಬಹಳ ಮಂದಿ ಇದ್ದಾರೆ. ಆದರೆ ಗಡುವಿನ ಹಿಂದಿನ ದಿನ ಸೈಬರ್ ಸೆಂಟರ್‌ಗೆ ಓಡಿ, ಯಾವುದೋ ಫಾರಂ ತುಂಬಿಸಿ, ಆಮೇಲೆ ನೋಟಿಸ್ ಹಿಡಿದು ಅಲೆಯುವವರನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಅವರಿಗಾಗಿ ಈ ಲೇಖನ. (ಏಜೆನ್ಸಿ ಮೂಲಕ ಹೊರಗುತ್ತಿಗೆಯಲ್ಲಿ ಇರುವವರಿಗೆ ಇದು ಅನ್ವಯಿಸುವುದಿಲ್ಲ, ಅವರಿಗೆ ಏಜೆನ್ಸಿಯೇ ಸಂಬಳ ಕೊಡುವ ಮಾಲೀಕ.)

ಇಲ್ಲಿ ಹೇಳುತ್ತಿರುವುದು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಆದಾಯದ ಬಗ್ಗೆ.

ಮೊದಲು ನೇಮಕಾತಿ ಆದೇಶ, ಕರಾರು ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಫೈಲಿಗೆ ಹಾಕಿಕೊಳ್ಳಿ. ಪ್ಯಾನ್‌ಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. ಪ್ಯಾನ್ ನಿಷ್ಕ್ರಿಯವಾಗಿದ್ದರೆ ಕಡಿತ ಶೇ 20ಕ್ಕೆ ಏರುತ್ತದೆ.

ಎರಡನೆಯದು, ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ 26ಎಎಸ್ (ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಇಳಿಸಿಕೊಳ್ಳುವುದು. ಜೂನ್ 15ಕ್ಕೆ ಮೊದಲು ಈ ಕೆಲಸಕ್ಕೆ ಕೈಹಾಕಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಕಡಿತದ ವಿವರ ಸಲ್ಲಿಸಲು ಕಚೇರಿಗೆ ಮೇ 31ರವರೆಗೆ ಅವಕಾಶವಿದೆ. ಏಪ್ರಿಲ್‌ನಲ್ಲೇ ರಿಟರ್ನ್ ಹಾಕಿದವರಿಗೆ ಕೊನೆಯ ಮೂರು ತಿಂಗಳ ತೆರಿಗೆ ಲೆಕ್ಕಕ್ಕೇ ಸಿಗದೆ ಹೋಗಬಹುದು.

26ಎಎಸ್‌ನಲ್ಲಿ ಮೂರು ಕಡೆ ಕಣ್ಣಿಡಿ. ಒಂದು, ಸೆಕ್ಷನ್. 194ಜೆ ಎಂದಿದ್ದರೆ ಕಚೇರಿ ನಿಮ್ಮನ್ನು ವೃತ್ತಿಪರರೆಂದು ಪರಿಗಣಿಸಿದೆ. 192 ಎಂದಿದ್ದರೆ ನೌಕರರೆಂದು. ಎರಡು, ಪಾವತಿ ಮೊತ್ತ. ಮೂರು, ಸ್ಥಿತಿ ಸೂಚಿಸುವ ಅಕ್ಷರ. 'ಎಫ್' ಇದ್ದರೆ ನಿಶ್ಚಿಂತೆ. 'ಯು' ಇದ್ದರೆ ಕಚೇರಿ ಕೊಟ್ಟ ವಿವರವೂ ಸಂದಾಯವಾದ ತೆರಿಗೆಯೂ ತಾಳೆಯಾಗಿಲ್ಲ. 'ಪಿ' ಬರುವುದು ಸರ್ಕಾರಿ ಕಚೇರಿಗಳ ಕಡಿತಕ್ಕೆ ಮಾತ್ರ, ಪರಿಶೀಲನೆ ಇನ್ನೂ ಬಾಕಿ ಎಂದರ್ಥ.

ಯಾವುದೋ ತಿಂಗಳ ಸಾಲೇ ಅದರಲ್ಲಿ ಕಾಣದಿದ್ದರೆ? ಜನ ಎಡವುವುದು ಇಲ್ಲಿಯೇ.

ಕಚೇರಿಗೆ ಹೋಗಿ ಕೇಳಿದರೆ "ಖಜಾನೆಯಲ್ಲೇ ಕಟ್ ಆಗಿದೆ, ನಮ್ಮದೇನೂ ಬಾಕಿ ಇಲ್ಲ" ಎನ್ನುತ್ತಾರೆ. ಮಾತು ಅರ್ಧ ನಿಜ. ಬಿಲ್ ಪಾಸಾದಾಗ ತೆರಿಗೆಯ ಹಣ ಖಜಾನೆಯಲ್ಲಿ ಪುಸ್ತಕ ಹೊಂದಾಣಿಕೆಯ ಮೂಲಕ ಜಮೆಯಾಗುತ್ತದೆ. ಖಜಾನೆಯವರು ಪ್ರತಿ ತಿಂಗಳು 24ಜಿ ನಮೂನೆಯಲ್ಲಿ ಅದನ್ನು ವರದಿ ಮಾಡುತ್ತಾರೆ. ಆದರೆ ಆ ನಮೂನೆಯಲ್ಲಿ ಇರುವುದು ಯಾವ ಕಚೇರಿಯ ಟ್ಯಾನ್‌ನಿಂದ (ತೆರಿಗೆ ಮುರಿಯುವ ಕಚೇರಿಯ ಗುರುತಿನ ಸಂಖ್ಯೆ) ಒಟ್ಟು ಎಷ್ಟು ಎಂಬುದಷ್ಟೇ. ನಿಮ್ಮ ಹೆಸರು ಇರುವುದಿಲ್ಲ. ಯಾರ ಪ್ಯಾನ್‌ಗೆ ಎಷ್ಟು ಎಂದು ಹೇಳುವುದು ಕಚೇರಿಯ ಡಿಡಿಒ (ಬಿಲ್ ಮಾಡಿ ಹಣ ಬಟವಾಡೆ ಮಾಡುವ ಅಧಿಕಾರಿ) ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ 26ಕ್ಯೂ ನಮೂನೆ. ಅದು ಸಲ್ಲಿಕೆಯಾಗದೆ ಅಥವಾ ಅದರಲ್ಲಿ ನಿಮ್ಮ ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿ, ಹಣ ಸರ್ಕಾರಕ್ಕೆ ಸೇರಿದ್ದರೂ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ "ಟಿಡಿಎಸ್ ಬಂದಿಲ್ಲ" ಎಂದು ಬಾಯಲ್ಲಿ ಹೇಳಿ ಬರಬೇಡಿ. ಡಿಡಿಒ ಅವರಿಗೆ ಬರೆಯುವ ಪತ್ರದಲ್ಲಿ ಯಾವ ತಿಂಗಳು, ಬಿಲ್ ಮೊತ್ತ ಎಷ್ಟು, ಕಡಿತ ಎಷ್ಟು, ನಿಮ್ಮ ಪ್ಯಾನ್ ಏನು ಎಂದು ನಮೂದಿಸಿ. "ಸಂಬಂಧಿಸಿದ ತ್ರೈಮಾಸಿಕದ 26ಕ್ಯೂ ಸಲ್ಲಿಕೆಯಾಗಿಲ್ಲದಿದ್ದರೆ ಸಲ್ಲಿಸಿ, ಸಲ್ಲಿಕೆಯಾಗಿದ್ದರೆ ತಿದ್ದುಪಡಿ ವಿವರ ಸಲ್ಲಿಸಿ" ಎಂದು ಸ್ಪಷ್ಟವಾಗಿ ಕೇಳಿ. 26ಎಎಸ್ ಪ್ರತಿ ಲಗತ್ತಿಸಿ. ಇನ್ನೊಂದು ಪ್ರತಿಗೆ ಇನ್‌ವರ್ಡ್ ಸಂಖ್ಯೆ ಹಾಕಿಸಿ ಮೊಹರು ಹೊಡೆಸಿಕೊಳ್ಳದೆ ಅಲ್ಲಿಂದ ಏಳಬೇಡಿ. 26ಕ್ಯೂ ತಡವಾದರೆ ದಿನಕ್ಕೆ ₹200ರಂತೆ ಶುಲ್ಕ ಬೀಳುವುದು ಕಚೇರಿಯ ಮೇಲೆ, ನಿಮ್ಮ ಮೇಲಲ್ಲ. ಇದನ್ನೂ ಪತ್ರದಲ್ಲಿ ವಿನಯದಿಂದಲೇ ಬರೆಯಿರಿ. ಕಡತ ಬೇಗ ಸಾಗುತ್ತದೆ.

ಬಿಲ್ ಪ್ರತಿ ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕು ಕಾಯ್ದೆಯಡಿ ₹10 ಶುಲ್ಕದ ಅರ್ಜಿ ಹಾಕಿ. ತೆರಿಗೆ ಮುರಿದ ದಾಖಲೆ ನಿಮ್ಮ ಕೈಯಲ್ಲಿರುವುದು ಬಹಳ ಮುಖ್ಯ. ಮುರಿದುಕೊಂಡ ತೆರಿಗೆಯನ್ನು ಮತ್ತೆ ನಿಮ್ಮಿಂದ ವಸೂಲಿ ಮಾಡುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಹೇಳುತ್ತದೆ. ಅಷ್ಟಾದರೂ ಬೇಡಿಕೆ ನೋಟಿಸ್ ಬಂದರೆ, ಒಪ್ಪುವುದಿಲ್ಲ ಎಂದು ಪೋರ್ಟಲ್‌ನಲ್ಲೇ ಉತ್ತರಿಸಿ ಬಿಲ್ ಪ್ರತಿ ಲಗತ್ತಿಸಲು ಈ ದಾಖಲೆ ಬೇಕು.

ಕಚೇರಿಯಿಂದ ಟಿಡಿಎಸ್ ಮುರಿದದ್ದಕ್ಕೆ ಕೊಡುವ 16ಎ ಪ್ರಮಾಣಪತ್ರವನ್ನೂ ಪಡೆಯಿರಿ. ಅದು ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಜಾಲತಾಣದಿಂದ ಇಳಿಸಿದ್ದೇ ಆಗಿರಬೇಕು. ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿ ಸಹಿ ಹಾಕಿದ ಕಾಗದವನ್ನು 16ಎ ಎಂದು ಒಪ್ಪಿಕೊಳ್ಳಬೇಡಿ.

ಈಗ ರಿಟರ್ನ್ (ಐಟಿಆರ್) ಫಾರಂ. 192 ಇದ್ದರೆ ಅದು ಸಂಬಳ: ಬೇರೆ ತೊಡಕಿನ ಆದಾಯವಿಲ್ಲದಿದ್ದರೆ ಐಟಿಆರ್-1, ಹೊಸ ತೆರಿಗೆ ಪದ್ಧತಿಯಲ್ಲಿ ₹75,000 ಪ್ರಮಾಣಿತ ಕಡಿತ (ಇಷ್ಟನ್ನು ಸಂಬಳದಿಂದ ಕಳೆದು ತೆರಿಗೆ ಲೆಕ್ಕ ಹಾಕುತ್ತಾರೆ). 194ಜೆ ಇದ್ದು ನೀವು ವೈದ್ಯ, ಎಂಜಿನಿಯರ್, ವಕೀಲ, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಅಥವಾ ತಾಂತ್ರಿಕ ಸಲಹೆಗಾರರಾಗಿದ್ದರೆ 44ಎಡಿಎ ಸೆಕ್ಷನ್ ಅಡಿ ಐಟಿಆರ್-4 ಹಾಕಬಹುದು. ಲೆಕ್ಕದ ಪುಸ್ತಕ ಇಡಬೇಕಿಲ್ಲ, ಒಟ್ಟು ಸಂಭಾವನೆಯ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು.

ತಿಂಗಳಿಗೆ ₹60,000 ಪಡೆಯುವ ಗುತ್ತಿಗೆ ವೈದ್ಯರ ಲೆಕ್ಕ ನೋಡಿ. ವರ್ಷಕ್ಕೆ ₹7,20,000, ಟಿಡಿಎಸ್ ₹72,000, ಖಾತೆಗೆ ಬಂದದ್ದು ₹6,48,000. ಅನೇಕರು ಈ ಕೊನೆಯ ಅಂಕಿಯನ್ನೇ ಸಂಭಾವನೆ ಎಂದು ಬರೆಯುತ್ತಾರೆ. ಅದು ತಪ್ಪು, 26ಎಎಸ್ ಜೊತೆ ತಾಳೆಯಾಗುವುದಿಲ್ಲ. ತೋರಿಸಬೇಕಾದದ್ದು ₹7,20,000. ಅದರ ಅರ್ಧ ₹3,60,000. ಹೊಸ ಪದ್ಧತಿಯಲ್ಲಿ ₹4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಬೇರೆ ಆದಾಯವಿಲ್ಲದಿದ್ದರೆ ₹72,000 ಪೂರ್ತಿ ವಾಪಸ್.

ಅತಿಥಿ ಉಪನ್ಯಾಸಕರು ಇಲ್ಲಿ ಎಚ್ಚರ ವಹಿಸಬೇಕು. 194ಜೆ ಅಡಿ ಮುರಿದರು ಎಂದ ಮಾತ್ರಕ್ಕೆ 44ಎಡಿಎ ಸಿಗುವುದಿಲ್ಲ; ಆ ಪಟ್ಟಿಯಲ್ಲಿ ಬೋಧನೆ ಇಲ್ಲ. ಐಟಿಆರ್-3ರಲ್ಲಿ ನಿಜವಾದ ಖರ್ಚು ತೋರಿಸಿ ಸಲ್ಲಿಸುವುದೇ ಸರಿ. ಕೆಲಸ ಹೆಚ್ಚು, ಹೌದು. ಆದರೆ ಹೊಸ ಪದ್ಧತಿಯಲ್ಲಿ ₹12 ಲಕ್ಷದೊಳಗಿನ ಇಂಥ ಆದಾಯಕ್ಕೆ ರಿಬೇಟ್ (ತೆರಿಗೆ ಮನ್ನಾ) ಇರುವುದರಿಂದ ಅರ್ಧ ಆದಾಯ ಮುಚ್ಚಿಡುವ ಅಗತ್ಯವೇ ಬಹುತೇಕರಿಗೆ ಇಲ್ಲ.

ರೀಫಂಡ್‌ನಲ್ಲಿ ಪಾಲು ಕೇಳುವ ಏಜೆಂಟರ ಬಳಿ ಮಾತ್ರ ಹೋಗಬೇಡಿ. ಕೊಡದ ದೇಣಿಗೆ, ಇಲ್ಲದ ಬಾಡಿಗೆ ತೋರಿಸಿ ಮೊತ್ತ ಹಿಗ್ಗಿಸುತ್ತಾರೆ. ದಂಡ ಕಟ್ಟುವ ಹೊತ್ತಿಗೆ ಅವರ ಫೋನ್ ಸ್ವಿಚ್ ಆಫ್. ನಿಗದಿತ ಶುಲ್ಕ ತೆಗೆದುಕೊಳ್ಳುವ ಲೆಕ್ಕಪರಿಶೋಧಕರಿಗೆ ಕೊಡುವ ಹಣ ದಂಡವಲ್ಲ, ಖರ್ಚು.

ರಿಟರ್ನ್ ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಮಾಡಿ.

2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. 194ಜೆ ಬದಲು 393, ಸಂಬಳಕ್ಕೆ 192ರ ಬದಲು 392ನೇ ಸೆಕ್ಷನ್. ಮಾರ್ಚ್ ತಿಂಗಳ ದುಡಿಮೆಯ ಬಿಲ್ ಏಪ್ರಿಲ್‌ನಲ್ಲಿ ಪಾಸಾಗಿ ಆಗಲೇ ತೆರಿಗೆ ಮುರಿದಿದ್ದರೆ, ಹಣ ಕೈಸೇರಿದ ಲೆಕ್ಕದಲ್ಲಿ ಆದಾಯ ತೋರಿಸುವ ವೃತ್ತಿಪರರು ಅದನ್ನು ಈ ರಿಟರ್ನ್‌ಗೆ ಸೇರಿಸಬಾರದು. ಆ ಬಿಲ್‌ನ ಪ್ರತಿಯನ್ನು ಮುಂದಿನ ವರ್ಷದ ಫೈಲಿಗೆ ಈಗಲೇ ಹಾಕಿಡಿ.