ದಾಸೋಹವಿಲ್ಲದ ಹಾದಿ: ನ್ಯೂಜೆರ್ಸಿಗೆ ಹೊರಟ ನಮ್ಮ ಕಡೆಯ ಹುಡುಗರಿಗೆ

ರಜೆಗೆಂದು ವಿಜಯಪುರಕ್ಕೆ ಬಂದಾಗೆಲ್ಲ, ಆಗಸ್ಟ್‌ನಲ್ಲಿ ನ್ಯೂಜೆರ್ಸಿಗೆ ಹೊರಟವರು ಒಬ್ಬಿಬ್ಬರು ಮನೆಗೆ ಬರುತ್ತಾರೆ. ಬಾಡಿಗೆ, ಬ್ಯಾಂಕು, ಲೈಸೆನ್ಸಿನ ಮಾತು ಮುಗಿದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ: "ಕಾಕಾ, ಅಲ್ಲಿ ನಮ್ಮ ಮಂದಿ ಗುಡ್ಡ ಹತ್ತಾಕ ಹೋಗ್ತಾರಂತಲ್ರೀ, ನಾವೂ ಬರಬಹುದೇನು?"

ಬರಬಹುದು, ಬರ್ರಿ. ಮೊದಲ ವರ್ಷ ಗೆಳೆತನ ಕುದುರುವುದು ಯುಗಾದಿ ಕಾರ್ಯಕ್ರಮದ ಕುರ್ಚಿಯಲ್ಲಿ ಕೂತಲ್ಲ, ಐದಾರು ತಾಸು ಒಟ್ಟಿಗೆ ನಡೆದು.

ನಾವು ಹೋಗುವುದು ಆ್ಯಪಲೇಶಿಯನ್ ಟ್ರೇಲ್‌ನ ಒಂದು ತುಣುಕಿಗೆ. ಜಾರ್ಜಿಯಾದ ಸ್ಪ್ರಿಂಗರ್ ಗುಡ್ಡದಿಂದ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳನ್ನು ಹಾಯ್ದು ಸುಮಾರು 3,500 ಕಿ.ಮೀ. ಸಾಗುವ ಕಾಲುದಾರಿ ಅದು. 1921ರಲ್ಲಿ ಬೆಂಟನ್ ಮೆಕೈ ಎಂಬವರು ಯೋಚನೆ ಮುಂದಿಟ್ಟರು, 1937ರಲ್ಲಿ ದಾರಿ ಪೂರ್ತಿಯಾಯಿತು. ನ್ಯೂಜೆರ್ಸಿಯ ಪಾಲಿಗೆ ಬರುವುದು 72 ಮೈಲಿನಷ್ಟು. ಹೊಸಬರನ್ನು ನಾವು ಸಾಮಾನ್ಯವಾಗಿ ಡೆಲವೇರ್ ವಾಟರ್ ಗ್ಯಾಪ್‌ನಿಂದ ಸನ್‌ಫಿಶ್ ಪಾಂಡ್‌ಗೆ ಕರೆದೊಯ್ಯುತ್ತೇವೆ. ಹಿಮನದಿ ಕೊರೆದಿಟ್ಟ ಕೆರೆ ಅದು. ಹೋಗಿ ಬರಲು ಏಳೂವರೆ ಮೈಲಿನ ಆಸುಪಾಸು, ಸಾವಿರ ಅಡಿಯಷ್ಟು ಏರು.

ನಡೆಯುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಯುಗಾದಿ ಹತ್ತಿರ ಬಂತೆಂದರೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರನ್ನು ನೋಡುತ್ತಲೇ ಬೆಳೆದವರು ನೀವು. ಆದರೆ ಆ ಪಾದಯಾತ್ರೆಯ ರೂಢಿಯೇ ಅಲ್ಲಿ ಕೈಕೊಡುವುದು. ಶ್ರೀಶೈಲದ ದಾರಿಯಲ್ಲಿ ಊರೂರಿಗೆ ದಾಸೋಹ, ಮಜ್ಜಿಗೆ, ಕಾಲಿಗೆ ಎಣ್ಣೆ ತಿಕ್ಕುವ ಕೈಗಳು. ಟ್ರೇಲ್‌ನಲ್ಲಿ ಚಹಾದಂಗಡಿ ಇಲ್ಲ, ನಳ ಇಲ್ಲ, ಎಷ್ಟೋ ಕಡೆ ಫೋನೂ ನಡೆಯುವುದಿಲ್ಲ. "ಯಾರಾದರೂ ತಂದಿರ್ತಾರ ಬಿಡ್ರೀ" ಅಂತ ಅರ್ಧ ಲೀಟರಿನ ಬಾಟಲಿ ಹಿಡಿದು ಬರುವವರು ಪ್ರತಿ ಸಲ ಇರುತ್ತಾರೆ. ನಡುಮಧ್ಯಾಹ್ನಕ್ಕೆ ಅವರಿಗೂ ನೀರಿಲ್ಲ, ಕೊಟ್ಟವರಿಗೂ ಇಲ್ಲ. ತಲೆಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಸೋಸದೆ ಕುಡಿಯಬೇಡಿ.

ಬುತ್ತಿಯ ವಿಷಯದಲ್ಲಿ ಮಾತ್ರ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ: ಕೆಡುವುದಿಲ್ಲ, ಸೋರುವುದಿಲ್ಲ, ಭಾರವೂ ಇಲ್ಲ. ರೊಟ್ಟಿ ಚೀಲದಲ್ಲಿ ಪುಡಿಯಾಗದಂತೆ ಅಗಲ ಡಬ್ಬಿಯಲ್ಲಿಡಿ. ಮಾದಲಿ ಎರಡು ಮುಷ್ಟಿ ಇದ್ದರೆ ಅಂಗಡಿಯ ಎನರ್ಜಿ ಬಾರ್ ಯಾಕೆ ಬೇಕು? ತಿಂದ ಮೇಲೆ ಉಳಿದದ್ದೆಲ್ಲ ನಿಮ್ಮ ಚೀಲದಲ್ಲೇ ವಾಪಸು ಬರಬೇಕು, ಬಾಳೆಹಣ್ಣಿನ ಸಿಪ್ಪೆಯೂ. ಅಲ್ಲಿ ಕಪ್ಪು ಕರಡಿಗಳಿವೆ. ಮನುಷ್ಯರ ತಿನಿಸಿನ ರುಚಿ ಹತ್ತಿದ ಕರಡಿಯನ್ನು ಕಡೆಗೆ ಕೊಲ್ಲಬೇಕಾಗಿ ಬರುತ್ತದೆ. ಎದುರಾದರೆ ಓಡಬೇಡಿ, ಜೋರಾಗಿ ಮಾತಾಡುತ್ತ ನಿಧಾನ ಹಿಂದೆ ಸರಿಯಿರಿ.

ಬೂಟು ಇಲ್ಲೇ ಕೊಂಡರೆ ಹೊರಡುವ ಮೊದಲು ಹಾಕಿಕೊಂಡು ಬಾದಾಮಿಯ ಮೇಲಿನ ಶಿವಾಲಯ ಒಂದೆರಡು ಸಲ ಹತ್ತಿ ಇಳಿಯಿರಿ. ಹೊಸ ಬೂಟನ್ನು ನೇರವಾಗಿ ಟ್ರೇಲ್‌ಗೆ ತಂದವರ ಹಿಮ್ಮಡಿ ಬೊಬ್ಬೆ ನೋಡಲಾಗುವುದಿಲ್ಲ. ದುಬಾರಿಯದೇ ಬೇಕೆಂದೇನಿಲ್ಲ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಕ್ಯಾನ್ವಾಸ್ ಬೂಟಿನಲ್ಲಿ, ಮನೆಯಲ್ಲೇ ಹೊಲಿದ ಚೀಲ ಹೆಗಲಿಗೆ ಹಾಕಿಕೊಂಡು ಇಡೀ ಹಾದಿ ಒಬ್ಬರೇ ಮುಗಿಸಿದರು.

ದಾರಿ ತೋರಿಸುವುದು ಮರ-ಬಂಡೆಗಳ ಮೇಲಿನ ಬಿಳಿ ಪಟ್ಟಿ, ಎರಡು ಇಂಚು ಅಗಲ, ಆರು ಇಂಚು ಉದ್ದ. ಒಂದರ ಮೇಲೊಂದು ಎರಡಿದ್ದರೆ ಮುಂದೆ ತಿರುವಿದೆ. ನೀಲಿ ಪಟ್ಟಿ ಅಡ್ಡದಾರಿಯದು. ಗುಂಪಿನಲ್ಲಿ ನಮ್ಮದು ಒಂದೇ ನಿಯಮ: ದಾರಿ ಕವಲಾದಲ್ಲೆಲ್ಲ ಮುಂದಿನವರು ನಿಲ್ಲಬೇಕು, ಕಡೆಯವರು ಬಂದ ಮೇಲೇ ಹೆಜ್ಜೆ. ಬಂದವರಿಗೂ ನೀರು ಕುಡಿಯಲು ಬಿಡಿ. ಅವರು ಬರುತ್ತಿದ್ದಂತೆ ಹೊರಟುಬಿಟ್ಟರೆ ದಣಿದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಸ್ಪೀಕರಿನಲ್ಲಿ ಹಾಡು ಹಾಕುವವರನ್ನು ನಾನಂತೂ ಮುಂದಿನ ಸಲ ಕರೆಯುವುದಿಲ್ಲ.

ಶನಿವಾರ-ರವಿವಾರ ಪಾರ್ಕಿಂಗ್ ಬೇಗ ತುಂಬುತ್ತದೆ, ಹಾಗಾಗಿ ಎಂಟರೊಳಗೆ ಅಲ್ಲಿರಬೇಕು. ಕಾರಿನವರಿಗೆ ಪೆಟ್ರೋಲಿನ ಪಾಲು ಕೇಳುವ ಮೊದಲೇ ಕೊಡಿ. ಕಾರು ಸಿಗದಿದ್ದರೆ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್‌ನಿಂದ ಹೊರಡುವ ಹಾರ್ಲೆಮ್ ಲೈನಿನ ರೈಲಿಗೆ 'ಆ್ಯಪಲೇಶಿಯನ್ ಟ್ರೇಲ್' ಎಂಬ ನಿಲ್ದಾಣವೇ ಇದೆ; ಅದು ಸನ್‌ಫಿಶ್ ಪಾಂಡ್‌ನ ಕಡೆಯದಲ್ಲ, ನ್ಯೂಯಾರ್ಕ್ ರಾಜ್ಯದಲ್ಲಿರುವ ಬೇರೆ ತುಣುಕಿನದು. ವಾರಾಂತ್ಯಕ್ಕೆ ಗಾಡಿ ನಿಲ್ಲುತ್ತದೆ, ಹೊತ್ತು ನೋಡಿಕೊಳ್ಳಿ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಚೀಲದಲ್ಲಿ ಬ್ಯಾಟರಿ ಇರಲಿ.

ಮೂರೆಲೆಯ ಗಿಡ ಕಂಡರೆ ಬಿಲ್ವಪತ್ರಿಯೆಂದು ಕೈ ಹಾಕಬೇಡಿ. ಪಾಯಿಸನ್ ಐವಿ ಇದ್ದೀತು, ವಾರಗಟ್ಟಲೆ ತುರಿಕೆ.

ಕರಡಿಗಿಂತ ಹೆಚ್ಚು ಹೆದರಬೇಕಾದದ್ದು ಉಣ್ಣಿಗೆ. ದನದ ಮೈಮೇಲೆ ನೋಡಿದ ದಪ್ಪ ಉಣ್ಣಿಯಲ್ಲ ಇದು. ಜಿಂಕೆ ಉಣ್ಣಿಯ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಲೈಮ್ ರೋಗ ಹರಡುವುದು ಇದರಿಂದ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರೇ ಸೋಂಕು ದಾಟುವುದು, ಆದ್ದರಿಂದ ಅದೇ ರಾತ್ರಿ ಹುಡುಕಿದರೆ ಬಹುಪಾಲು ಪಾರು. ತಿಳಿ ಬಣ್ಣದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದೊಡನೆ ಬಟ್ಟೆಯನ್ನು ಡ್ರೈಯರಿನಲ್ಲಿ ಹತ್ತು ನಿಮಿಷ ಜೋರು ಶಾಖಕ್ಕೆ ಹಾಕಿ, ಸ್ನಾನ ಮಾಡುತ್ತ ಕಂಕುಳು, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ, ಕೂದಲ ಬುಡ ತಡವಿ ನೋಡಿ. ಸಿಕ್ಕರೆ ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯಿರಿ. ಮುಂದಿನ ಒಂದು ತಿಂಗಳಲ್ಲಿ ಜ್ವರ ಬಂದರೆ ಅಥವಾ ಕಚ್ಚಿದ ಜಾಗದಿಂದ ಕೆಂಪು ಬಳೆ ಹರಡಿದರೆ ಡಾಕ್ಟರಿಗೆ ಮೊದಲು ಹೇಳಬೇಕಾದದ್ದು ನೀವು ಟ್ರೇಲ್‌ಗೆ ಹೋಗಿದ್ದ ತಾರೀಖು.